ಅನಮೋಡ ಘಟ್ಟಕ್ಕೆ ನ್ಯಾಟೊ ಏಕೆ ಬರಲಿಲ್ಲ?

1961ರ ಡಿಸೆಂಬರ್‌ನಲ್ಲಿ ಬೆಳಗಾವಿ ಸೈನಿಕರಿಂದ ತುಂಬಿತ್ತು. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೇ ಪದಾತಿ ಡಿವಿಜನ್, ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾ ಬ್ರಿಗೇಡ್ ಇಲ್ಲಿ ಜಮಾಯಿಸಿ ಗೋವಾದತ್ತ ಮುಖ ಮಾಡಿದ್ದವು. 18ರ ಬೆಳಗಿನ ಜಾವ 'ಆಪರೇಷನ್ ವಿಜಯ್' ಶುರುವಾಯಿತು. ಪ್ಯಾರಾ ಬ್ರಿಗೇಡ್ ಉತ್ತರದ ದೋಡಾಮಾರ್ಗದ ಕಡೆಯಿಂದ ನುಗ್ಗಿತು. 63ನೇ ಬ್ರಿಗೇಡ್, ಖಾನಾಪುರ, ಲೋಂಡಾ ದಾಟಿದ ಮೇಲೆ ಸಿಗುವ ಅನಮೋಡ ಘಟ್ಟದಿಂದ ಮೊಲೆಮ್, ಪೊಂಡಾಗಳ ಕಡೆ ಇಳಿಯಿತು. ಮರುದಿನ ಸಂಜೆಗೆ ಪೋರ್ಚುಗೀಸ್ ಗವರ್ನರ್ ಜನರಲ್ ವಾಸಾಲೊ ಇ ಸಿಲ್ವಾ ಶರಣಾದರು.

ನಮ್ಮ ಭಾಗದ ಹಿರಿಯರಿಗೆ ಈ ಕಥೆ ಹೊಸದಲ್ಲ. ಆದರೆ ಅದರ ಜೊತೆಗೇ ಕೇಳಬೇಕಾದ ಒಂದು ಪ್ರಶ್ನೆಯನ್ನು ಅಷ್ಟಾಗಿ ಯಾರೂ ಕೇಳುವುದಿಲ್ಲ. ಪೋರ್ಚುಗಲ್ ಆಗ ನ್ಯಾಟೊ ಸದಸ್ಯ ರಾಷ್ಟ್ರ. ಬರೀ ಸದಸ್ಯನಲ್ಲ, 1949ರ ಏಪ್ರಿಲ್ 4ರಂದು ವಾಷಿಂಗ್ಟನ್ನಿನಲ್ಲಿ ಸಹಿ ಹಾಕಿದ ಹನ್ನೆರಡು ಸ್ಥಾಪಕರಲ್ಲಿ ಒಂದು. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ ಕೂಟ ಅದು. ಅದು ಸಾಲದೆಂಬಂತೆ ಬ್ರಿಟನ್ನಿನೊಂದಿಗೆ ಆರುನೂರು ವರ್ಷಗಳ ಹಳೆಯ ಪ್ರತ್ಯೇಕ ಮೈತ್ರಿಯೂ ಪೋರ್ಚುಗಲ್‌ಗೆ ಇತ್ತು. ಇಷ್ಟೆಲ್ಲ ಇದ್ದೂ ಅದರ ನೆರವಿಗೆ ಒಬ್ಬ ಸಿಪಾಯಿಯೂ ಬರಲಿಲ್ಲ. ಏಕೆ?

ಭಾರತದ ವರ್ಚಸ್ಸು, ಸೋವಿಯತ್ ಬೆಂಬಲ, ವಸಾಹತುಶಾಹಿಯ ವಿರುದ್ಧ ಬೀಸುತ್ತಿದ್ದ ಗಾಳಿ, ಇವೆಲ್ಲ ಕಾರಣಗಳೇ. ಆದರೆ ಒಪ್ಪಂದದ ಕಾಗದದಲ್ಲಿ ಮತ್ತು ಲಂಡನ್ನಿನ ಸಂಸತ್ತಿನಲ್ಲಿ ಇನ್ನೂ ನೇರವಾದ ಉತ್ತರವಿದೆ. ಮಿತ್ರನೊಬ್ಬ ಯುದ್ಧಕ್ಕಿಳಿದಾಗ ಒಂದು ದೇಶದ ಸಂಸತ್ತು ಏನನ್ನು ಕೇಳಬಹುದು, ಯಾವಾಗ ಕೇಳಬಹುದು, ಕೇಳಿದರೆ ಏನಾದೀತು ಎಂಬುದನ್ನು ತಿಳಿಯಲು ಬೆಳಗಾವಿಯವರಿಗೆ ಇಷ್ಟು ಹತ್ತಿರದ ಉದಾಹರಣೆ ಬೇರೆ ಇಲ್ಲ.

ಕಾಗದದಲ್ಲಿ ಏನಿದೆ

ನ್ಯಾಟೊ ಒಪ್ಪಂದದಲ್ಲಿ ಇರುವುದು ಹದಿನಾಲ್ಕೇ ವಿಧಿಗಳು. ಎಲ್ಲರ ಬಾಯಲ್ಲಿರುವುದು ಐದನೆಯದು. ಅದನ್ನು ಪೂರ್ತಿ ಓದಿದವರು ಕಡಿಮೆ. ದಾಳಿಯಾದಾಗ ಪ್ರತಿ ಸದಸ್ಯನೂ ತಾನು ಅಗತ್ಯವೆಂದು ಭಾವಿಸುವ ಕ್ರಮ ಕೈಗೊಂಡು ನೆರವಾಗಬೇಕು ಎಂದಷ್ಟೇ ಅಲ್ಲಿದೆ. ಸೈನ್ಯ ಕಳಿಸಲೇಬೇಕು ಎಂದಿಲ್ಲ. ಔಷಧ ಕಳಿಸಿದರೂ ನೆರವೇ, ಬಂದರು ಬಿಟ್ಟುಕೊಟ್ಟರೂ ನೆರವೇ. ಹನ್ನೊಂದನೆಯ ವಿಧಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಪ್ಪಂದದ ಅಂಶಗಳನ್ನು ಆಯಾ ದೇಶದ ಸಾಂವಿಧಾನಿಕ ಕ್ರಮದ ಪ್ರಕಾರವೇ ಜಾರಿ ಮಾಡಬೇಕು ಎನ್ನುತ್ತದೆ. ಅಂದರೆ ಮನೆಯಲ್ಲಿ ಸಂಸತ್ತಿನ ಒಪ್ಪಿಗೆ ಬೇಕೆಂಬ ಕಾನೂನಿದ್ದರೆ ಆ ಒಪ್ಪಿಗೆ ಬೇಕೇ ಬೇಕು. ಯುದ್ಧ ಸಾರುವ ಅಧಿಕಾರ ತನ್ನ ಕಾಂಗ್ರೆಸ್ಸಿನದು ಎಂದು ಅಮೆರಿಕದ ಸಂವಿಧಾನ ಹೇಳುತ್ತದೆ. ಆ ಹಕ್ಕನ್ನು ಯಾವ ಒಪ್ಪಂದವೂ ಕಸಿದುಕೊಳ್ಳಬಾರದೆಂಬ ಕಾಳಜಿ ಈ ವಾಕ್ಯಗಳ ಹಿಂದೆ ಇದ್ದದ್ದು ಸ್ಪಷ್ಟ.

ಸುಗ್ಗಿಯಲ್ಲಿ ಮುಯ್ಯಾಳು ಹೋಗುವವರಿಗೆ ಇದು ಬೇಗ ತಿಳಿಯುತ್ತದೆ. ನೀನು ನನ್ನ ಹೊಲಕ್ಕೆ ಬಂದರೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ ಎಂಬ ಮಾತು ಇರುತ್ತದೆ. ಎಷ್ಟು ಆಳು, ಎಷ್ಟು ದಿನ, ಯಾವ ಹೊಲ ಎನ್ನುವುದನ್ನು ಆಯಾ ಮನೆಯವರು ಕೂತು ತೀರ್ಮಾನಿಸುತ್ತಾರೆ.

ಯಾವ ಹೊಲ ಎಂಬುದಕ್ಕೆ ಉತ್ತರ ಆರನೆಯ ವಿಧಿಯಲ್ಲಿದೆ. ಯುರೋಪು, ಉತ್ತರ ಅಮೆರಿಕ, ಆಗ ಫ್ರಾನ್ಸಿನ ಭಾಗವಾಗಿದ್ದ ಅಲ್ಜೀರಿಯಾ, ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ಉತ್ತರ ಅಟ್ಲಾಂಟಿಕ್ ದ್ವೀಪಗಳು, ಇಷ್ಟೇ ಆ ಒಪ್ಪಂದದ ಕ್ಷೇತ್ರ. ಟರ್ಕಿ ಸೇರುವಾಗ ಅದರ ಹೆಸರನ್ನೂ ಸೇರಿಸಿದರು. ಗೋವಾ ಇರುವುದು ಹದಿನೈದು ಚಿಲ್ಲರೆ ಡಿಗ್ರಿ ಅಕ್ಷಾಂಶದಲ್ಲಿ, ಅದೂ ಅರಬ್ಬೀ ಸಮುದ್ರದ ದಂಡೆಯಲ್ಲಿ. ಅದು 'ಸಾಗರದಾಚೆಯ ಪ್ರಾಂತ್ಯ', ವಸಾಹತಲ್ಲ ಎಂದು ಪೋರ್ಚುಗಲ್ ಪ್ರಧಾನಿ ಸಲಾಝಾರ್ ಎಷ್ಟೇ ವಾದಿಸಿದರೂ ಭೂಗೋಳ ಬದಲಾಗಲಿಲ್ಲ. 1955ರ ಡಿಸೆಂಬರ್‌ನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಫಾಸ್ಟರ್ ಡಲ್ಲೆಸ್, ಪೋರ್ಚುಗಲ್‌ನ ವಿದೇಶಾಂಗ ಸಚಿವ ಕುನ್ಯಾ ಜೊತೆ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ ಗೋವಾವನ್ನು ಪೋರ್ಚುಗೀಸ್ ಪ್ರಾಂತ್ಯವೆಂದು ಕರೆದು ಭಾರತದಲ್ಲಿ ದೊಡ್ಡ ಸಿಟ್ಟಿಗೆ ಕಾರಣರಾದರು. ಆದರೆ ಆ ಹೇಳಿಕೆಯಿಂದ ಆರನೆಯ ವಿಧಿಯ ಗೆರೆ ಒಂದಿಂಚೂ ಸರಿಯಲಿಲ್ಲ. 1982ರಲ್ಲಿ ಇದೇ ಗೆರೆ ಬ್ರಿಟನ್ನಿಗೂ ಅಡ್ಡ ಬಂತು. ಫಾಕ್‌ಲ್ಯಾಂಡ್ ದ್ವೀಪಗಳು ಅಟ್ಲಾಂಟಿಕ್‌ನಲ್ಲೇ ಇದ್ದರೂ ದಕ್ಷಿಣದಲ್ಲಿದ್ದವು, ಐದನೆಯ ವಿಧಿ ಅನ್ವಯಿಸಲಿಲ್ಲ.

ಮುಂಬಯಿಯ ವರದಕ್ಷಿಣೆ ಮತ್ತು ಒಂದು ಗುಟ್ಟಿನ ವಿಧಿ

ಬ್ರಿಟನ್ ಜೊತೆಗಿನ ಹಳೆಯ ಮೈತ್ರಿಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. 1373ರಲ್ಲಿ ಮೊದಲಾದ ಈ ಮೈತ್ರಿಗೆ 1661ರಲ್ಲಿ ಒಂದು ಮದುವೆಯ ಒಪ್ಪಂದ ಸೇರಿತು. ಎರಡನೆಯ ಚಾರ್ಲ್ಸ್ ಪೋರ್ಚುಗಲ್‌ನ ರಾಜಕುಮಾರಿ ಕ್ಯಾಥರೀನ್ ಅವರನ್ನು ಮದುವೆಯಾದಾಗ ಮುಂಬಯಿಯನ್ನು ವರದಕ್ಷಿಣೆಯಾಗಿ ಪಡೆದದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಬೆಳಗಾವಿ ಒಂದೂವರೆ ಶತಮಾನದ ಹತ್ತಿರ ಮುಂಬಯಿ ಸರಕಾರದ ಕೆಳಗೆ ಇದ್ದದ್ದಕ್ಕೆ ಬೇರು ಅಲ್ಲೇ ಇದೆ. ಅದೇ ಒಪ್ಪಂದಕ್ಕೆ ಗುಟ್ಟಾಗಿ ಸೇರಿಸಿದ ವಿಧಿಯೊಂದಿತ್ತು, ಅದನ್ನು ಶಾಲೆಯ ಪುಸ್ತಕ ಹೇಳಲಿಲ್ಲ. ಪೋರ್ಚುಗಲ್ ಗೆದ್ದುಕೊಂಡ ನೆಲಗಳನ್ನೂ ವಸಾಹತುಗಳನ್ನೂ ಶತ್ರುಗಳಿಂದ ಕಾಪಾಡುವುದಾಗಿ ಇಂಗ್ಲೆಂಡ್ ಅದರಲ್ಲಿ ಮಾತು ಕೊಟ್ಟಿತ್ತು. 1899ರಲ್ಲಿ ವಿಂಡ್ಸರ್ ಘೋಷಣೆ ಎಂಬ ಇನ್ನೊಂದು ಗುಟ್ಟಿನ ಪತ್ರದ ಮೂಲಕ ಆ ಮಾತನ್ನು ಮತ್ತೆ ಗಟ್ಟಿ ಮಾಡಿದರು. 1943ರ ಅಕ್ಟೋಬರ್ 12ರಂದು ಚರ್ಚಿಲ್ ಕಾಮನ್ಸ್ ಸಭೆಯಲ್ಲಿ 1373ರ ಒಪ್ಪಂದವನ್ನೇ ಎತ್ತಿ ಹೇಳಿ, ಅದರ ಬಲದಿಂದ ಪೋರ್ಚುಗಲ್ ತನ್ನ ಅಜೋರ್ಸ್ ದ್ವೀಪಗಳಲ್ಲಿ ಬ್ರಿಟಿಷ್ ಪಡೆಗಳಿಗೆ ಜಾಗ ಕೊಟ್ಟಿದೆ ಎಂದು ಪ್ರಕಟಿಸಿದರು. ಪ್ರತಿಯಾಗಿ ಪೋರ್ಚುಗೀಸ್ ವಸಾಹತುಗಳ ಮೇಲಿನ ಲಿಸ್ಬನ್ನಿನ ಹಕ್ಕನ್ನು ಗೌರವಿಸುವ ಭರವಸೆಯನ್ನು ಬ್ರಿಟನ್ ಕೊಟ್ಟಿತು.

ಹೀಗಾಗಿ ಹದಿನೆಂಟು ವರ್ಷದ ನಂತರ ಲಿಸ್ಬನ್ ತನ್ನ ಬಾಕಿ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. 1961ರ ಡಿಸೆಂಬರ್ 18ರಂದು, ಇತ್ತ ಸೈನ್ಯ ಗಡಿ ದಾಟುತ್ತಿದ್ದ ದಿನವೇ, ಕಾಮನ್‌ವೆಲ್ತ್ ವ್ಯವಹಾರಗಳ ಸಚಿವ ಡಂಕನ್ ಸ್ಯಾಂಡ್ಸ್ ಕಾಮನ್ಸ್ ಸಭೆಯಲ್ಲಿ ಎದ್ದು ನಿಂತರು. ಭಾರತ ಬಲ ಪ್ರಯೋಗಿಸಿದ್ದಕ್ಕೆ ತೀವ್ರ ವಿಷಾದ ಹೇಳಿದರು. ಅದು ನಿರೀಕ್ಷಿತವೇ. ಮುಂದಿನ ಮಾತು ಮುಖ್ಯವಾದದ್ದು. ಕಾಮನ್‌ವೆಲ್ತ್‌ನ ಇನ್ನೊಂದು ಸದಸ್ಯ ದೇಶದ ವಿರುದ್ಧ ತಾವು ಯುದ್ಧಕ್ಕೆ ಇಳಿಯುವುದು ಸಾಧ್ಯವಿಲ್ಲ ಎಂಬುದನ್ನು ಪೋರ್ಚುಗಲ್‌ಗೆ ಬಹಳ ಹಿಂದೆಯೇ ತಿಳಿಸಿದ್ದೇವೆ, ಆದ್ದರಿಂದ ನಾವು ಕೊಡಬಹುದಾದ ನೆರವಿಗೆ ಮಿತಿ ಇದ್ದೇ ಇರುತ್ತದೆ ಎಂಬುದು ಅವರಿಗೂ ಗೊತ್ತು, ಎಂಬ ಅರ್ಥದ ವಿವರಣೆ ಕೊಟ್ಟರು.

ಸಂಸತ್ತಿನ ಪರಿಶೀಲನೆ ಎಂದರೆ ನಿಜದಲ್ಲಿ ಏನು ಎಂಬುದು ಇಲ್ಲಿ ಕಾಣುತ್ತದೆ. ಆ ದಿನ ಯಾರೂ ಮತಕ್ಕೆ ಹಾಕಲಿಲ್ಲ, ಸರಕಾರ ಬೀಳಲಿಲ್ಲ. ಆದರೆ ಮುನ್ನೂರು ವರ್ಷ ಗುಟ್ಟಿನ ವಿಧಿಯಲ್ಲಿ ಬೆಚ್ಚಗಿದ್ದ ವಾಗ್ದಾನವೊಂದರ ಅಳತೆ ಎಷ್ಟು ಎಂಬುದನ್ನು ಸಚಿವರೊಬ್ಬರು ಸಭೆಯ ಮುಂದೆ, ದಾಖಲೆಗೆ ಸಿಗುವಂತೆ, ಹೇಳಬೇಕಾಯಿತು. ಹೇಳಿದ ಮೇಲೆ ಮಾತು ಹಿಂದೆಗೆದುಕೊಳ್ಳುವುದು ಕಷ್ಟ. ಅದೇ ದಿನ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಟರ್ಕಿ ಸೇರಿ ಕದನವಿರಾಮದ ನಿರ್ಣಯ ತಂದವು. ನಾಲ್ಕೂ ನ್ಯಾಟೊ ದೇಶಗಳು. ಪರವಾಗಿ ಏಳು, ವಿರುದ್ಧವಾಗಿ ನಾಲ್ಕು ಮತ ಬಿದ್ದವು. ಸೋವಿಯತ್ ವಿಟೊ ಅದನ್ನು ತಳ್ಳಿಹಾಕಿತು. ಮಿತ್ರರು ಪೋರ್ಚುಗಲ್‌ಗೆ ಕೊಟ್ಟದ್ದು ಕೈ ಎತ್ತುವ ಮತವನ್ನು ಮಾತ್ರ.

ಇನ್ನು ಪೋರ್ಚುಗಲ್‌ನದೇ ಸಂಸತ್ತು? ಅಲ್ಲಿ ಕೂತಿದ್ದವರೆಲ್ಲ ಸಲಾಝಾರ್ ಪಕ್ಷದವರು. 1962ರ ಜನವರಿ 3ರಂದು ಅವರ ಮುಂದೆ ಸಲಾಝಾರ್ ಭಾಷಣ ನಡೆಯಿತು. ಗಂಟಲು ಕಟ್ಟಿದ್ದರಿಂದ ಅದನ್ನು ಬೇರೆಯವರು ಓದಿದರು. ಬ್ರಿಟನ್ ಕೈಕೊಟ್ಟಿತೆಂಬ ದೂರು ಅದರಲ್ಲಿತ್ತು. ಕೊನೆಯವರೆಗೆ ಹೋರಾಡಿ ಸಾಯಿರಿ ಎಂದು ಮೂರೂವರೆ ಸಾವಿರದಷ್ಟು ಸೈನಿಕರಿಗೆ ಆದೇಶ ಕೊಟ್ಟದ್ದು ಯಾವ ಲೆಕ್ಕದ ಮೇಲೆ, ಮಿತ್ರರ ನೆರವಿಗೆ ಇರುವ ಮಿತಿ ಮೊದಲೇ ಗೊತ್ತಿದ್ದರೂ ಏಕೆ, ಎಂದು ಎದ್ದು ಕೇಳುವ ವಿರೋಧ ಪಕ್ಷ ಅಲ್ಲಿರಲಿಲ್ಲ. ಆ ಆದೇಶವನ್ನು ಪಾಲಿಸದೆ ಶರಣಾಗಿ ಜೀವ ಉಳಿಸಿದ ವಾಸಾಲೊ ಇ ಸಿಲ್ವಾ ಅವರನ್ನು ಆಮೇಲೆ ಸೈನ್ಯದಿಂದ ಹೊರಹಾಕಿದರು.

ಬೇರೆಯವರ ಮನೆಯ ಪದ್ಧತಿ

ಗುಟ್ಟಿನ ಒಪ್ಪಂದಗಳ ಪೆಟ್ಟು ತಿಂದೇ ಬ್ರಿಟನ್ ಒಂದು ಪದ್ಧತಿ ಮಾಡಿಕೊಂಡಿತು. ಫ್ರಾನ್ಸಿನೊಂದಿಗೆ ನಡೆದಿದ್ದ ಸೇನಾ ಮಾತುಕತೆಯ ಪತ್ರಗಳು ಕಾಮನ್ಸ್ ಸದಸ್ಯರ ಕಿವಿಗೆ ಬಿದ್ದದ್ದು 1914ರ ಆಗಸ್ಟ್ 3ರಂದು, ಮಹಾಯುದ್ಧಕ್ಕೆ ಇಳಿಯುವ ಹಿಂದಿನ ದಿನ. ಆ ಕಹಿ ಮರೆಯದೆ 1924ರಲ್ಲಿ ಆರ್ಥರ್ ಪಾನ್ಸನ್‌ಬಿ ಎಂಬ ಕಿರಿಯ ಸಚಿವರು, ಇನ್ನುಮುಂದೆ ಯಾವ ಒಪ್ಪಂದವನ್ನೂ ಸ್ಥಿರೀಕರಿಸುವ ಮೊದಲು 21 ದಿನ ಸಂಸತ್ತಿನ ಮೇಜಿನ ಮೇಲೆ ಇಡುತ್ತೇವೆ ಎಂದು ಮಾತು ಕೊಟ್ಟರು. 2010ರಲ್ಲಿ ಅದು ಕಾನೂನಾಯಿತು. ಸೈನ್ಯ ಕಳಿಸುವುದಕ್ಕೆ ಮತ ಬೇಕೆಂಬ ಕಾನೂನು ಅಲ್ಲಿ ಇಂದಿಗೂ ಇಲ್ಲ, ರೂಢಿಯಷ್ಟೇ. ಆ ರೂಢಿಗೆ ಎಷ್ಟು ಬಲವಿದೆ ಎಂಬುದು 2013ರ ಆಗಸ್ಟ್ 29ರಂದು ಗೊತ್ತಾಯಿತು. ಅಮೆರಿಕದ ಜೊತೆ ಸೇರಿ ಸಿರಿಯಾ ಮೇಲೆ ದಾಳಿ ಮಾಡುವ ಪ್ರಸ್ತಾವವನ್ನು ಸಭೆ 285–272 ಮತಗಳಿಂದ ಬೀಳಿಸಿತು, ಪ್ರಧಾನಿ ಕ್ಯಾಮರಾನ್ ಒಪ್ಪಿಕೊಂಡು ಸುಮ್ಮನಾದರು. ಅದೇ ರೂಢಿಯ ದೌರ್ಬಲ್ಯ 2018ರ ಏಪ್ರಿಲ್‌ನಲ್ಲಿ ಕಂಡಿತು. ಆಗ ಯಾವ ಮತವನ್ನೂ ಕೇಳದೆ ಸಿರಿಯಾದ ಮೇಲೆ ಕ್ಷಿಪಣಿ ಹಾರಿಸಿ, ಸಭೆಗೆ ಆಮೇಲೆ ತಿಳಿಸಿದರು.

ಜರ್ಮನಿಯವರದು ಬಿಗಿಯಾದ ವ್ಯವಸ್ಥೆ. ಸೈನ್ಯವನ್ನು ಸಶಸ್ತ್ರ ಕಾರ್ಯಾಚರಣೆಗೆ ಹೊರಗೆ ಕಳಿಸಬೇಕಾದರೆ ಸಂಸತ್ತಿನ ಒಪ್ಪಿಗೆ ಮೊದಲೇ ಬೇಕು ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ 1994ರ ಜುಲೈ 12ರಂದು ತೀರ್ಪು ಕೊಟ್ಟಿತು. ನ್ಯಾಟೊದ ಐದನೆಯ ವಿಧಿ ಇದುವರೆಗೆ ಚಾಲ್ತಿಗೆ ಬಂದದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ. ಆಗಲೂ ಜರ್ಮನಿಯ 3,900 ಸೈನಿಕರವರೆಗಿನ ನೆರವಿಗೆ ಸಂಸತ್ತಿನ ಮತ ಬೇಕಾಯಿತು. ಚಾನ್ಸಲರ್ ಶ್ರೋಡರ್ ಅದನ್ನು ತಮ್ಮ ಮೇಲಿನ ವಿಶ್ವಾಸಮತದ ಜೊತೆ ಕಟ್ಟಿದರು. ಬೇಕಾದದ್ದು 334, ಸಿಕ್ಕಿದ್ದು 336. ಇದಕ್ಕಿಂತಲೂ ನನಗೆ ಹಿಡಿಸುವ ಪ್ರಕರಣ 2003ರದ್ದು. ಇರಾಕ್ ಯುದ್ಧದ ಹೊತ್ತಿನಲ್ಲಿ ಮಿತ್ರ ಟರ್ಕಿಯ ಆಕಾಶವನ್ನು ಕಾಯಲು ನ್ಯಾಟೊ ರಾಡಾರ್ ವಿಮಾನಗಳು ಹಾರಿದವು, ಅವುಗಳಲ್ಲಿ ಜರ್ಮನ್ ಸೈನಿಕರಿದ್ದರು. ಬರೀ ಕಣ್ಗಾವಲು ತಾನೇ ಎಂದು ಸರಕಾರ ಸಂಸತ್ತನ್ನು ಕೇಳಲಿಲ್ಲ. ಐದು ವರ್ಷದ ನಂತರ, 2008ರ ಮೇ 7ರಂದು, ಕೇಳಬೇಕಿತ್ತು ಎಂದು ನ್ಯಾಯಾಲಯ ಹೇಳಿತು. ಗುಂಡು ಹಾರಿಸುವವನಿಗೆ ಗುರಿ ತೋರಿಸುವವನೂ ಯುದ್ಧದಲ್ಲಿ ಇದ್ದಂತೆಯೇ ಎಂಬುದು ಅದರ ಒಟ್ಟು ತಾತ್ಪರ್ಯ.

ಟರ್ಕಿಯದೇ ಸಂಸತ್ತು ಆ ವರ್ಷ ಮಾಡಿದ್ದು ಇನ್ನೂ ದೊಡ್ಡದು. ಇರಾಕ್ ಮೇಲೆ ಉತ್ತರದಿಂದ ದಾಳಿ ಮಾಡಲು ಸುಮಾರು 62,000 ಅಮೆರಿಕನ್ ಸೈನಿಕರು ತನ್ನ ನೆಲದಲ್ಲಿ ಇಳಿಯಲು ಬಿಡಬೇಕೇ ಎಂಬ ಪ್ರಶ್ನೆ 2003ರ ಮಾರ್ಚ್ 1ರಂದು ಸಭೆಯ ಮುಂದೆ ಬಂತು. ಪರವಾಗಿ 264, ವಿರುದ್ಧ 250, ತಟಸ್ಥ 19. ಮೇಲ್ನೋಟಕ್ಕೆ ಗೆದ್ದಂತೆಯೇ. ಆದರೆ ಹಾಜರಿದ್ದವರ ಅರ್ಧಕ್ಕಿಂತ ಹೆಚ್ಚು, ಅಂದರೆ 267 ಮತ ಬೇಕಿತ್ತು. ಮೂರು ಮತ ಕಡಿಮೆಯಾಗಿ ಪ್ರಸ್ತಾವ ಬಿತ್ತು. ಅಮೆರಿಕದ ನಾಲ್ಕನೆಯ ಪದಾತಿ ಡಿವಿಜನ್ನಿನ ಸಾಮಗ್ರಿ ಹೊತ್ತು ಸಮುದ್ರದಲ್ಲಿ ಕಾಯುತ್ತಿದ್ದ ಹಡಗುಗಳು ಬೇರೆ ದಾರಿ ಹಿಡಿದವು. ಮಿತ್ರನಿಗೆ ಬೇಡ ಎಂದಿದ್ದಕ್ಕೆ ಟರ್ಕಿಯನ್ನು ಯಾರೂ ನ್ಯಾಟೊದಿಂದ ಹೊರಗೆ ಹಾಕಲಿಲ್ಲ.

ನಮ್ಮ ಸಂಸತ್ತಿನ ಕೈಯಲ್ಲಿ ಏನಿದೆ

ಭಾರತ ಇಂದು ಯಾವ ಸಾಮೂಹಿಕ ರಕ್ಷಣಾ ಕೂಟದಲ್ಲೂ ಇಲ್ಲ. ಬೆಳಗಾವಿಯಲ್ಲಿ ಇದನ್ನು ಒತ್ತಿ ಹೇಳಬೇಕಾಗುತ್ತದೆ. ಏಕೆಂದರೆ ಇಲ್ಲಿನ ಕ್ಯಾಂಪ್ ಪ್ರದೇಶದಲ್ಲಿ ವಿದೇಶಿ ಸಮವಸ್ತ್ರ ಕಾಣುವುದು ಅಪರೂಪವಲ್ಲ. 2013ರಲ್ಲಿ ಬ್ರಿಟಿಷ್ ಸೈನಿಕರು 'ಅಜೇಯ ವಾರಿಯರ್' ತಾಲೀಮಿಗೆ ಬಂದರು, 2022ರಲ್ಲಿ ಜಪಾನಿನವರು 'ಧರ್ಮ ಗಾರ್ಡಿಯನ್'ಗೆ ಬಂದರು. "ಕಾಕಾ, ಹಂಗಾದ್ರ ನಾಳೆ ಜಪಾನಕ್ಕ ಯುದ್ಧ ಆದ್ರ ನಮ್ಮವ್ರೂ ಹೋಗಬೇಕಾ?" ಎಂದು ಮಹಾಂತೇಶ ನಗರದ ಹುಡುಗನೊಬ್ಬ ಮಾಜಿ ಸೈನಿಕರೊಬ್ಬರನ್ನು ಕೇಳಿದರೆ ಉತ್ತರ ಸುಲಭ: ಇಲ್ಲಪ್ಪ, ಹಂಗೇನೂ ಇಲ್ಲ. 2008ರ ಡಿಸೆಂಬರ್‌ನಲ್ಲಿ ಇದೇ ಬೆಳಗಾವಿಗೆ 'ಹ್ಯಾಂಡ್ ಇನ್ ಹ್ಯಾಂಡ್' ತಾಲೀಮಿಗೆ ಬಂದದ್ದು ಚೀನಾದ ಸೈನಿಕರು. ಹನ್ನೆರಡು ವರ್ಷದೊಳಗೆ ಅದೇ ಚೀನಾದ ಜೊತೆ ಗಲ್ವಾನ್ ಸಂಘರ್ಷ ನಡೆಯಿತು. ಅಮೆರಿಕದ ಜೊತೆ 2016ರ ಆಗಸ್ಟ್‌ನಲ್ಲಿ ಆದದ್ದೂ ಇಂಧನ, ದುರಸ್ತಿ, ಸರಬರಾಜಿನ ಒಪ್ಪಂದ. ಯುದ್ಧದಲ್ಲಿ ಜೊತೆಗೂಡುವ ಮಾತು ಅದರಲ್ಲಿಲ್ಲ.

ಹಾಗೆಂದು ವಾಗ್ದಾನಗಳೇ ಇಲ್ಲವೆಂದಲ್ಲ. 1950ರ ಭಾರತ–ನೇಪಾಳ ಒಪ್ಪಂದದ ಜೊತೆ ಎರಡು ಸರಕಾರಗಳು ಪತ್ರಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಒಬ್ಬರ ಭದ್ರತೆಗೆ ಹೊರಗಿನವರಿಂದ ಅಪಾಯ ಬಂದರೆ ಇಬ್ಬರೂ ಸಮಾಲೋಚಿಸಿ ತಕ್ಕ ಕ್ರಮ ಕೈಗೊಳ್ಳುವುದಾಗಿ ಅವುಗಳಲ್ಲಿತ್ತು. ಪತ್ರಗಳು ಗುಟ್ಟಾಗಿದ್ದವು. 1959ರ ನವೆಂಬರ್‌ನಲ್ಲಿ, ಟಿಬೆಟ್‌ನಲ್ಲಿ ಚೀನಾ ಬಲ ತೋರಿಸಿದ ಮೇಲೆ, ನೇಪಾಳ ಅಥವಾ ಭೂತಾನದ ಮೇಲಿನ ಆಕ್ರಮಣವನ್ನು ಭಾರತದ ಮೇಲಿನ ಆಕ್ರಮಣವೆಂದೇ ಪರಿಗಣಿಸುತ್ತೇವೆ ಎಂದು ನೆಹರು ಸಂಸತ್ತಿನಲ್ಲಿ ಹೇಳಿದರು. ಆ ಮಾತಿಗೆ ಆಧಾರವಾಗಿದ್ದ ಪತ್ರಗಳು ಆಗ ಬೆಳಕಿಗೆ ಬಂದವು. ಅಂದರೆ ತನ್ನ ದೇಶ ಯಾರಿಗೆ ಯುದ್ಧದ ಮಾತು ಕೊಟ್ಟಿದೆ ಎಂಬುದು ನಮ್ಮ ಲೋಕಸಭೆಗೆ ತಿಳಿಯಲು ಒಂಬತ್ತು ವರ್ಷ ಬೇಕಾಯಿತು.

ಇದು ಏಕೆ ಸಾಧ್ಯ? ಒಪ್ಪಂದಕ್ಕೆ ಸಂಸತ್ತು ಒಪ್ಪಬೇಕೆಂದು ನಮ್ಮ ಸಂವಿಧಾನ ಹೇಳುವುದಿಲ್ಲ. ರಕ್ಷಣಾ ಪಡೆಗಳ ಸರ್ವೋಚ್ಚ ಅಧಿಪತ್ಯ 53ನೇ ವಿಧಿಯಂತೆ ರಾಷ್ಟ್ರಪತಿಯದು, ಆಚರಣೆಯಲ್ಲಿ ಸಂಪುಟದ್ದು. ಯುದ್ಧ, ಶಾಂತಿ, ಒಪ್ಪಂದಗಳು ಕೇಂದ್ರ ಪಟ್ಟಿಯಲ್ಲಿವೆ. 253ನೇ ವಿಧಿಯಂತೆ ಒಪ್ಪಂದವನ್ನು ಜಾರಿ ಮಾಡಲು ಕಾನೂನು ಬೇಕಾದರೆ ಮಾತ್ರ ಸಂಸತ್ತು ಬೇಕು. ನೆಲ ಬಿಟ್ಟುಕೊಡುವುದಾದರೆ ಮಾತ್ರ ಸಂವಿಧಾನ ತಿದ್ದುಪಡಿಯೇ ಆಗಬೇಕು ಎಂದು 1960ರ ಬೇರುಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಿಚಿತ್ರ ನೋಡಿ: ಯುದ್ಧದ ಕಾರಣಕ್ಕೆ ತುರ್ತು ಪರಿಸ್ಥಿತಿ ಹೇರಿದರೆ ಅದಕ್ಕೆ ಒಂದು ತಿಂಗಳೊಳಗೆ ಸಂಸತ್ತು ಒಪ್ಪಬೇಕು, ಯುದ್ಧಕ್ಕೇ ಒಪ್ಪಬೇಕಾಗಿಲ್ಲ. ಗೋವಾದ ವಿಷಯದಲ್ಲೂ ಸಂಸತ್ತಿನ ಸಹಿ ಬಿದ್ದದ್ದು ಕೊನೆಗೆ, 1962ರ ಹನ್ನೆರಡನೆಯ ತಿದ್ದುಪಡಿಯಲ್ಲಿ.

ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷತೆಯ ಸಂವಿಧಾನ ಪುನರ್‌ಪರಿಶೀಲನಾ ಆಯೋಗ 2002ರ ವರದಿಯಲ್ಲಿ, ಒಪ್ಪಂದ ಮಾಡಿಕೊಳ್ಳುವ ಕ್ರಮಕ್ಕೆ ಸಂಸತ್ತು ಒಂದು ಕಾನೂನು ತರಬೇಕೆಂದು ಶಿಫಾರಸು ಮಾಡಿತ್ತು. ಆ ಕಾನೂನು ಬರಲಿಲ್ಲ. ಎಲ್ಲ ಒಪ್ಪಂದಕ್ಕೂ ಮತ ಬೇಕೆಂದರೆ ರಾಜತಾಂತ್ರಿಕತೆ ನಡೆಯುವುದಿಲ್ಲ ಎಂಬ ವಾದದಲ್ಲಿ ತಿರುಳಿದೆ. ಆದರೆ ಸೈನಿಕರನ್ನು ಕಳಿಸುವ ಸಾಧ್ಯತೆ ಇರುವ ಒಪ್ಪಂದದ ಪಠ್ಯವನ್ನಾದರೂ ಸಭೆಯ ಮೇಜಿನ ಮೇಲೆ ಇಡಲೇಬೇಕು ಎನ್ನುವುದಕ್ಕೆ ಯಾರ ಆಕ್ಷೇಪವಿರಬೇಕು ಎಂದು ನನಗೆ ತಿಳಿಯುತ್ತಿಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಊರಿನವರು ಇದನ್ನು ಕೇಳಲು ಹೆಚ್ಚಿನ ಹಕ್ಕುಳ್ಳವರು. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೊ ಯಾವ ಶಾಸನಸಭೆಯನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದರು. ಈ ದಳದ ಯಶವಂತ ಘಾಡಗೆ ಮತ್ತು ನಾಮದೇವ ಜಾಧವ ವಿಕ್ಟೋರಿಯಾ ಕ್ರಾಸ್ ಪಡೆದದ್ದು ಇಟಲಿಯ ನೆಲದಲ್ಲಿ. ಘಾಡಗೆ ಮರಳಿ ಬರಲಿಲ್ಲ.

ಸ್ವತಂತ್ರ ಭಾರತದ ದಾಖಲೆ ಮಿಶ್ರವಾಗಿದೆ. 1968ರ ಆಗಸ್ಟ್‌ನಲ್ಲಿ ವಾರ್ಸಾ ಒಪ್ಪಂದದ ಪಡೆಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದಾಗ ಭಾರತ ಭದ್ರತಾ ಮಂಡಳಿಯಲ್ಲಿ ತಟಸ್ಥವಾಯಿತು. ಸರಕಾರದ ಆ ನಿಲುವನ್ನು ಒಪ್ಪದೆ ಸಚಿವ ಅಶೋಕ ಮೆಹ್ತಾ ರಾಜೀನಾಮೆ ಕೊಟ್ಟರು. 1971ರ ಆಗಸ್ಟ್ 9ರಂದು ದೆಹಲಿಯಲ್ಲಿ ಸಹಿಯಾದ ಭಾರತ–ಸೋವಿಯತ್ ಒಪ್ಪಂದ ನಾವು ರಕ್ಷಣಾ ಮೈತ್ರಿಗೆ ಅತಿ ಹತ್ತಿರ ಹೋದ ಗಳಿಗೆ. ದಾಳಿ ಅಥವಾ ದಾಳಿಯ ಬೆದರಿಕೆ ಬಂದರೆ ಕೂಡಲೇ ಸಮಾಲೋಚಿಸಬೇಕು ಎಂದು ಅದರ ಒಂಬತ್ತನೆಯ ವಿಧಿ ಹೇಳುತ್ತಿತ್ತು. ಎಂಟು ವರ್ಷದ ನಂತರ ಆ ಮಿತ್ರನೇ ಅಫ್ಗಾನಿಸ್ತಾನಕ್ಕೆ ಸೈನ್ಯ ಇಳಿಸಿದ. ಅದು 1979ರ ಡಿಸೆಂಬರ್ ಕೊನೆಯ ವಾರ. ಲೋಕಸಭೆ ಆಗಸ್ಟ್‌ನಲ್ಲೇ ವಿಸರ್ಜನೆಯಾಗಿತ್ತು, ಚರಣ ಸಿಂಗ್ ಉಸ್ತುವಾರಿ ಪ್ರಧಾನಿ. ಜನವರಿ 3 ಮತ್ತು 6ರಂದು ಮತದಾನ. ಜನವರಿ 11ರಂದು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ ಬ್ರಜೇಶ ಮಿಶ್ರ ಸೋವಿಯತ್ ಪರ ಎಂದು ಜಗತ್ತೆಲ್ಲ ಓದಿದ ಭಾಷಣ ಮಾಡಿದಾಗ ಇಂದಿರಾ ಗಾಂಧಿ ಗೆದ್ದಿದ್ದರು, ಪ್ರಮಾಣವಚನ ಇನ್ನೂ ಆಗಿರಲಿಲ್ಲ. ಮಿತ್ರನ ಸೇನಾ ಹಸ್ತಕ್ಷೇಪದ ಬಗ್ಗೆ ಭಾರತ ತಳೆದ ಅತಿ ದುಬಾರಿ ನಿಲುವುಗಳಲ್ಲಿ ಒಂದು ಲೋಕಸಭೆಯೇ ಸೇರದ ಹೊತ್ತಿನಲ್ಲಿ ಹೊರಬಿತ್ತು.

ಶ್ರೀಲಂಕಾದ ಕಥೆ ಎಲ್ಲರಿಗೂ ಗೊತ್ತು. 1987ರ ಜುಲೈ 29ರಂದು ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ, ಮರುದಿನವೇ ಸೈನ್ಯ. ಸಂಸತ್ತಿನ ಒಪ್ಪಿಗೆ ಪಡೆದು ಹೋದದ್ದಲ್ಲ. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮರಳುವ ಹೊತ್ತಿಗೆ ಸುಮಾರು 1,200 ಸೈನಿಕರು ಸತ್ತಿದ್ದರು. ಇದಕ್ಕೆ ಎದುರಾಗಿ 2003ರಲ್ಲಿ ಸಂಸತ್ತಿನ ತೂಕ ಕಾಣಿಸಿತು. ಇರಾಕ್ ಯುದ್ಧವನ್ನು ಖಂಡಿಸುವ ನಿರ್ಣಯ ಏಪ್ರಿಲ್‌ನಲ್ಲಿ ಲೋಕಸಭೆಯಲ್ಲಿ ಅವಿರೋಧವಾಗಿ ಆಗಿತ್ತು. ಅಮೆರಿಕ ಭಾರತದ ಒಂದು ಡಿವಿಜನ್ ಸೈನ್ಯ ಕೇಳಿದಾಗ ವಾಜಪೇಯಿ ಸರಕಾರ ಜುಲೈ 14ರಂದು ಇಲ್ಲ ಎಂದಿತು. ನಿರ್ಣಯ ಕಾನೂನಿನಂತೆ ಕಟ್ಟಿಹಾಕುವುದಿಲ್ಲ, ಆದರೆ ಅದನ್ನು ದಾಟಿ ಹೋಗುವುದು ಯಾವ ಪ್ರಧಾನಿಗೂ ಹಗುರವಲ್ಲ.

ಪ್ರಶ್ನೆ ಕೇಳುವುದು ಹೇಗೆ

ಸಂಸದರ ಕೈಯಲ್ಲಿರುವ ಮೊದಲ ಸಾಧನ ಪ್ರಶ್ನೋತ್ತರ ವೇಳೆ. ಹದಿನೈದು ದಿನ ಮುಂಚೆ ಸೂಚನೆ ಕೊಡಬೇಕು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಎದ್ದು ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ನಮ್ಮ ವಿಷಯಕ್ಕೆ ನೇರವಾಗಿ ತಗಲುವ ಒಂದು ನಿಯಮ ಲೋಕಸಭೆಯ ನಿಯಮಾವಳಿಯ 41ರಲ್ಲಿದೆ: ಸ್ನೇಹಪರ ವಿದೇಶದ ಬಗ್ಗೆ ಅಗೌರವ ತೋರುವ ಪ್ರಶ್ನೆ ಸ್ವೀಕಾರವಾಗುವುದಿಲ್ಲ. ಆದ್ದರಿಂದ 'ಆ ದೇಶದ ಆಕ್ರಮಣವನ್ನು ಸರಕಾರ ಏಕೆ ಸಹಿಸುತ್ತಿದೆ' ಎಂದು ಬರೆದರೆ ಕಚೇರಿಯಲ್ಲೇ ನಿಂತುಬಿಡಬಹುದು. 'ಒಪ್ಪಂದದ ಇಂಥ ವಿಧಿಯ ಅಡಿ ಸಮಾಲೋಚನೆ ನಡೆದಿದೆಯೇ, ನಡೆದಿದ್ದರೆ ಯಾವಾಗ' ಎಂದು ಬರೆದರೆ ದಾಟುತ್ತದೆ.

ನಿಯಮ 193ರ ಅಡಿ ಮತವಿಲ್ಲದ ಚರ್ಚೆ, 184ರ ಅಡಿ ಮತಸಹಿತ ಚರ್ಚೆ. ಸರಕಾರಗಳಿಗೆ ಪ್ರಿಯವಾದದ್ದು ಮೊದಲನೆಯದು ಎಂದು ಹೇಳಬೇಕಾಗಿಲ್ಲ. 2022ರ ಏಪ್ರಿಲ್ 5 ಮತ್ತು 6ರಂದು ಉಕ್ರೇನ್ ಬಗ್ಗೆ ಲೋಕಸಭೆಯಲ್ಲಿ ನಡೆದದ್ದು 193ರ ಚರ್ಚೆಯೇ. ಅದಕ್ಕೆ ಒಂದು ತಿಂಗಳ ಹಿಂದೆ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾಗಿದ್ದ. ಹಾಗಾಗಿ ದೂರದ ಯುದ್ಧ ನಮ್ಮ ಕಡೆಯ ಮನೆಗಳಿಗೂ ತಲುಪಿತ್ತು. ರಹಸ್ಯ ಸಭೆ ನಡೆಸಲು 248ನೇ ನಿಯಮದಲ್ಲಿ ಅವಕಾಶವಿದೆ. 1962ರ ಚೀನಾ ಯುದ್ಧದಲ್ಲಿ ಆ ಬೇಡಿಕೆ ಬಂದಾಗ ನೆಹರು ಒಪ್ಪದೆ ಬಾಗಿಲು ತೆರೆದೇ ಚರ್ಚೆ ನಡೆಸಿದರು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಗಟ್ಟಿಯಾದ ಕೆಲಸ ಸ್ಥಾಯಿ ಸಮಿತಿಗಳದ್ದು. ಬಾಗಿಲು ಮುಚ್ಚಿ ಕೂತು ಅಧಿಕಾರಿಗಳನ್ನು ಕರೆಸಿ ಕೇಳುತ್ತಾರೆ, ವರದಿಯನ್ನು ಆಮೇಲೆ ಬಹಿರಂಗ ಮಾಡುತ್ತಾರೆ. 2017ರಲ್ಲಿ ಭೂತಾನ ತನ್ನದೆನ್ನುವ ಡೋಕ್ಲಾಮ್‌ನಲ್ಲಿ ನಮ್ಮ ಸೈನಿಕರು ಎರಡು ತಿಂಗಳಿಗೂ ಹೆಚ್ಚು ಕಾಲ ಚೀನಾದ ಎದುರು ನಿಂತರು. ಭೂತಾನದ ಜೊತೆಗಿನ 2007ರ ಒಪ್ಪಂದ ಇಬ್ಬರ ರಾಷ್ಟ್ರೀಯ ಹಿತಗಳಲ್ಲಿ ನಿಕಟ ಸಹಕಾರದ ಮಾತಾಡುತ್ತದೆ. ನಮಗೆ ಮಿತ್ರ–ಒಪ್ಪಂದ–ಸೈನ್ಯ ಮೂರೂ ಕೂಡಿದ ಇತ್ತೀಚಿನ ಸಂದರ್ಭ ಅದು. ಶಶಿ ತರೂರ್ ಅಧ್ಯಕ್ಷತೆಯ ವಿದೇಶಾಂಗ ಸಮಿತಿ 2018ರಲ್ಲಿ ಡೋಕ್ಲಾಮ್ ಸೇರಿದಂತೆ ಭಾರತ–ಚೀನಾ ಸಂಬಂಧಗಳ ಮೇಲೆ ಒಂದು ವರದಿ ಕೊಟ್ಟಿತು. ಓದಿ ನೋಡಿ, ಟಿವಿಯ ಕಿರುಚಾಟಕ್ಕಿಂತ ಹೆಚ್ಚು ತಿಳಿಯುತ್ತದೆ. ಇದಕ್ಕೆ ಹೋಲಿಸಿದರೆ ಬಜೆಟ್ಟಿನ ಅನುದಾನ ಬೇಡಿಕೆಗಳು ಹೆಸರಿಗೆ ಮಾತ್ರ ದೊಡ್ಡ ಆಯುಧ. ಸಮಯವಿಲ್ಲವೆಂದು ರಕ್ಷಣೆಯ ಬೇಡಿಕೆಗಳನ್ನೂ ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹಾಕಿಬಿಡುವ ವರ್ಷಗಳೇ ಹೆಚ್ಚು.

ಇದರಲ್ಲಿ ನಾವು ಮಾಡಬಹುದಾದದ್ದು ಇದೆ. ಮಹಾಂತೇಶ ನಗರದವರು ಬರೆಯಬೇಕಾದದ್ದು ಬೆಳಗಾವಿ ಸಂಸದರಿಗೆ. ಖಾನಾಪುರ, ಕಿತ್ತೂರು ವಿಧಾನಸಭಾ ಕ್ಷೇತ್ರದವರು ಮಾತ್ರ, ಜಿಲ್ಲೆ ಬೆಳಗಾವಿಯಾದರೂ, ಉತ್ತರ ಕನ್ನಡ ಸಂಸದರಿಗೆ ಬರೆಯಬೇಕು. ಮನವಿ ಅಲ್ಲೂ ಇಲ್ಲೂ ಅಲೆಯುವುದು ಹೆಚ್ಚಾಗಿ ಈ ಗೊಂದಲದಿಂದಲೇ. ಡಿಸೆಂಬರ್ ಅಧಿವೇಶನಕ್ಕೆ ಸುವರ್ಣ ವಿಧಾನಸೌಧಕ್ಕೆ ಬರುವ ಶಾಸಕರಿಗೆ ಈ ವಿಷಯದ ಪತ್ರ ಕೊಟ್ಟು ಪ್ರಯೋಜನವಿಲ್ಲ. ರಕ್ಷಣೆ, ವಿದೇಶ ವ್ಯವಹಾರ ರಾಜ್ಯದ ಸಭೆಯ ವ್ಯಾಪ್ತಿಗೆ ಬರುವುದಿಲ್ಲ. ಪತ್ರದಲ್ಲಿ ಅಭಿಪ್ರಾಯಕ್ಕಿಂತ ಸಿದ್ಧ ಪ್ರಶ್ನೆ ಇದ್ದರೆ ಸಂಸದರ ಕಚೇರಿಗೆ ಕೆಲಸ ಹಗುರ: ಒಪ್ಪಂದದ ಪೂರ್ಣ ಪಠ್ಯವನ್ನು ಸದನದ ಮುಂದೆ ಇಡಲಾಗಿದೆಯೇ, ಅದರ ಜೊತೆ ಪತ್ರ ವಿನಿಮಯ ಏನಾದರೂ ಇದೆಯೇ, ಅದು ನೆಲದ ಯಾವ ಭಾಗಕ್ಕೆ ಅನ್ವಯಿಸುತ್ತದೆ, ಸೈನಿಕರನ್ನು ಕಳಿಸಿದ್ದರೆ ಎಷ್ಟು ಜನ, ಯಾರ ಆಜ್ಞೆಯ ಕೆಳಗೆ, ಖರ್ಚು ಯಾವ ಲೆಕ್ಕಶೀರ್ಷಿಕೆಯಲ್ಲಿ. ಭದ್ರತೆಯ ಕಾರಣಕ್ಕೆ ಉತ್ತರಿಸಲಾಗದು ಎಂಬ ಉತ್ತರ ಬರಬಹುದು. ಅದೂ ದಾಖಲೆಗೆ ಸೇರುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ 8ನೇ ಕಲಮಿನ ವಿದೇಶ ಸಂಬಂಧದ ವಿನಾಯಿತಿ ಅಡ್ಡ ಬರುತ್ತದೆ, ಹಾಗಾಗಿ ಸಂಸದರ ದಾರಿಯೇ ಹತ್ತಿರ. ಲೋಕಸಭೆಯ ಉತ್ತರಗಳು ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತವೆ, ಮೊದಲ ಲೋಕಸಭೆಯಿಂದ ಈಚಿನ ಚರ್ಚೆಗಳೂ ಅದರ ಡಿಜಿಟಲ್ ಗ್ರಂಥಾಲಯದಲ್ಲಿವೆ. 1961ರ ಡಿಸೆಂಬರ್ 18ರ ಕಾಮನ್ಸ್ ಕಲಾಪ ಬ್ರಿಟಿಷ್ ಸಂಸತ್ತಿನ ಹ್ಯಾನ್ಸಾರ್ಡ್ ತಾಣದಲ್ಲಿ ಉಚಿತವಾಗಿ ಓದಲು ಲಭ್ಯ.